ವೈದ್ಯನೂ ಹೌದು, ವಿಜ್ಞಾನಿಯೂ ಹೌದು

ರೋಗಿಯ ರಕ್ತಕಣವೇ ರಕ್ತದ ಕ್ಯಾನ್ಸರಿಗೆ ಔಷಧವಾಗಬಲ್ಲದೆಂಬುದು ಇಂದು ಬರಿಯ ಕಲ್ಪನೆಯಲ್ಲ. ಟಿ-ಕಣಗಳೆಂಬ ಬಿಳಿಯ ರಕ್ತಕಣಗಳನ್ನು ರೋಗಿಯಿಂದಲೇ ಪಡೆದು, ನಿರುಪದ್ರವಿಯಾಗಿ ಮಾರ್ಪಡಿಸಿದ ವೈರಸ್ಸಿನ ಮೂಲಕ ಅವುಗಳೊಳಗೆ ಹೊಸದೊಂದು ಜೀನನ್ನು ಸೇರಿಸುವರು. ಆಗ ಆ ಕಣಗಳು ಕ್ಯಾನ್ಸರ್ ಕಣದ ಹೊರಮೈಯಲ್ಲಿರುವ ಸಿಡಿ-೧೯ ಎಂಬ ಗುರುತನ್ನು ಹಿಡಿದು ಅದನ್ನು ನಾಶಮಾಡಲು ಸಮರ್ಥವಾಗುತ್ತವೆ. ಪ್ರಯೋಗಾಲಯದಲ್ಲಿ ಅವುಗಳ ಸಂಖ್ಯೆಯನ್ನು ವೃದ್ಧಿಗೊಳಿಸಿ ಮರಳಿ ರೋಗಿಯ ರಕ್ತಕ್ಕೆ ಸೇರಿಸುವುದೇ ಈ ಚಿಕಿತ್ಸೆಯ ಕ್ರಮ.

ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಸಹಯೋಗದಿಂದ ರೂಪುಗೊಂಡ ಇಂತಹ ಚಿಕಿತ್ಸೆಗೆ ೨೦೨೩ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಚಿಕಿತ್ಸೆ ೨೦೨೫ರ ಜನವರಿಯಲ್ಲಿ ಬಳಕೆಗೆ ಬಂದಿತು. ಔಷಧವೇನೋ ಬಂದಿತು, ಅದನ್ನು ಅರಿತು ಬಳಸಬಲ್ಲ ವೈದ್ಯರನ್ನು ಸಿದ್ಧಗೊಳಿಸುವವರಾರು? ಇದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಯ ಮಹತ್ವವನ್ನು ೨೦೧೨ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಘಟನೆ ತೋರಿಸುತ್ತದೆ. ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಬಾಲಿಕೆಗೆ ಈ ಚಿಕಿತ್ಸೆ ನೀಡಿದ ಬಳಿಕ ತೀವ್ರ ಜ್ವರವೇರಿ ಪ್ರಾಣಕ್ಕೇ ಸಂಚಕಾರ ಬಂದಿತು. ಆಕೆಯ ರಕ್ತವನ್ನು ಪರೀಕ್ಷಿಸಿದಾಗ ಇಂಟರ್‌ಲ್ಯೂಕಿನ್-೬ ಎಂಬ ವಸ್ತು ಮಿತಿಮೀರಿರುವುದು ಕಂಡಿತು. ಕಾರ್ಲ್ ಜೂನ್ ಮತ್ತು ಸ್ಟೀಫನ್ ಗ್ರಪ್ ಎಂಬ ವೈದ್ಯವಿಜ್ಞಾನಿಗಳು ಕೀಲುವಾತಕ್ಕೆ ಬಳಸುವ ಔಷಧವೊಂದು ಆ ವಸ್ತುವನ್ನು ತಡೆಯಬಲ್ಲದೆಂದು ಅರಿತಿದ್ದರು. ಅದನ್ನು ಕೊಡಲಾಯಿತು, ಬಾಲಿಕೆ ಬದುಕಿದಳು. ಪ್ರಯೋಗಾಲಯದ ಅಂಕೆಯನ್ನು ರೋಗಿಯ ಹಾಸಿಗೆಯ ಬಳಿ ನಿಂತು ಓದಬಲ್ಲವರಿಲ್ಲದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಇಂತಹ ವೈದ್ಯರು ಮಹಾನಗರಗಳಲ್ಲಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದೆಂದೇ ನಮ್ಮ ಅಭಿಪ್ರಾಯ. ಹರಿಹರದ ರೋಗಿಯೊಬ್ಬನು ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದರೂ ಮರಳಿ ಬರುವುದು ತನ್ನ ಊರಿಗೇ ಅಲ್ಲವೇ? ಈ ಚಿಕಿತ್ಸೆಯ ನಂತರ ರೋಗನಿರೋಧಕ ಶಕ್ತಿ ಬಹುಕಾಲ ಕುಗ್ಗಿರುವುದುಂಟು. ತಿಂಗಳುಗಳ ಮೇಲೆ ಜ್ವರ ಬಂದಾಗ ಅವನು ಮೊದಲು ಕಾಣುವುದು ಹರಿಹರದ ಅಥವಾ ದಾವಣಗೆರೆಯ ವೈದ್ಯನನ್ನೇ. ರೋಗವನ್ನು ಮೊದಲು ಗುರುತಿಸಿ, ಸಕಾಲದಲ್ಲಿ ಕಳುಹಿಸಬೇಕಾದವನೂ ಅವನೇ.

ದಾವಣಗೆರೆಯಲ್ಲಿ ಸಾಧನಗಳಿಲ್ಲವೆನ್ನುವಂತಿಲ್ಲ. ೧೯೬೫ರಲ್ಲಿ ಸ್ಥಾಪಿತವಾದ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯವೂ ೨೦೦೬ರ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇಲ್ಲಿವೆ; ೨೦೦೯ರಿಂದ ವಿಶ್ವವಿದ್ಯಾಲಯವೂ ಇದೆ. ಕಣಗಳನ್ನು ತಯಾರಿಸುವ ದುಬಾರಿ ಕೇಂದ್ರ ಇಲ್ಲಿಯೇ ಆಗಬೇಕೆಂದು ನಾವು ಹೇಳುತ್ತಿಲ್ಲ. ಪ್ರತಿವರ್ಷವೂ ಇಬ್ಬರು ಮೂವರು ತರುಣ ವೈದ್ಯರನ್ನು ಆರಿಸಿ, ವಾರದಲ್ಲಿ ಎರಡು ದಿನವಾದರೂ ಹೊರರೋಗಿಗಳ ಸರತಿಯಿಂದ ಬಿಡುಗಡೆ ನೀಡಿ, ವಿಶ್ವವಿದ್ಯಾಲಯದ ವಿಜ್ಞಾನಿಗಳೊಡನೆ ಪ್ರಯೋಗಾಲಯದಲ್ಲಿ ದುಡಿಯಲು ಅವಕಾಶ ಕಲ್ಪಿಸಲಿ. ಬಳಿಕ ಒಂದು ವರ್ಷ ಬೆಂಗಳೂರು ಅಥವಾ ಮುಂಬಯಿಯ ಕೇಂದ್ರಕ್ಕೆ ಕಳುಹಿಸಲಿ. ಆ ಅವಧಿಯ ಸಂಬಳಕ್ಕೂ ಮುಂದಿನ ಬಡ್ತಿಗೂ ಕುಂದು ಬಾರದಂತೆ ನೋಡಿಕೊಳ್ಳುವುದು ಅತ್ಯಗತ್ಯ. ಜೀವನೋಪಾಯಕ್ಕೆ ಧಕ್ಕೆಯಾಗುವುದಾದರೆ ಎಷ್ಟೇ ಉತ್ಸಾಹಿಯಾದರೂ ಸಂಶೋಧನೆಯತ್ತ ಹೆಜ್ಜೆಯಿಡಲಾರನು.

ಹರಿಹರವು ಒಂದು ಕಾಲದಲ್ಲಿ ಕಿರ್ಲೋಸ್ಕರ್ ಲೇತ್ ಯಂತ್ರಗಳಿಂದ ಹೆಸರಾಗಿತ್ತು. ಯಂತ್ರವನ್ನು ನಡೆಸಬಲ್ಲವರಷ್ಟೇ ಅಲ್ಲ, ಅದನ್ನು ನಿರ್ಮಿಸಬಲ್ಲವರೂ ತುಂಗಭದ್ರೆಯ ದಡದಲ್ಲಿ ತಯಾರಾದರು. ವೈದ್ಯಕೀಯದಲ್ಲಿಯೂ ಅಂಥವರು ಬೇಕು. ವೈದ್ಯರಾಗಬಯಸುವ ವಿದ್ಯಾರ್ಥಿಗಳು ಜೀವಶಾಸ್ತ್ರವನ್ನು ಪ್ರವೇಶಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಓದದೆ, ಕಣವೊಂದು ಏಕೆ ಹೀಗೆ ವರ್ತಿಸುವುದೆಂದು ಕೇಳುವ ಅಭ್ಯಾಸವನ್ನು ಈಗಲೇ ಬೆಳೆಸಿಕೊಳ್ಳಲಿ. ಆ ಪ್ರಶ್ನೆಗೆ ಉತ್ತರ ಹುಡುಕಲು ಬಿಡುವನ್ನೂ ಸ್ಥಳವನ್ನೂ ಒದಗಿಸುವುದು ಹಿರಿಯರ ಹೊಣೆ.