ಹಿಂದಿರುಗಿ ಬಂದವನು ಒಬ್ಬನೇ

‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?’ ಎಂಬ ಗಾದೆ ಕನ್ನಡದಲ್ಲಿದೆ. ಇದು ಯಾರೋ ದುಷ್ಟರನ್ನು ಕುರಿತು ಹೇಳಿದ ಮಾತಲ್ಲ. ಸಾಮಾನ್ಯ ಮನುಷ್ಯನ ಸ್ವಭಾವವನ್ನು ಕಂಡು ಹಿರಿಯರು ಆಡಿದ ಮಾತು. ದೋಣಿಯಲ್ಲಿ ಕುಳಿತಿರುವಷ್ಟು ಹೊತ್ತು ಅಂಬಿಗನೇ ದೇವರು. ದಡ ಸೇರಿದೊಡನೆ ಕಣ್ಣು ಮುಂದಿನ ಊರಿನ ಕಡೆಗೆ. ಪರೀಕ್ಷೆಯ ಹಿಂದಿನ ರಾತ್ರಿ ಪಕ್ಕದಲ್ಲಿ ಕುಳಿತು ಲೆಕ್ಕ ಹೇಳಿಕೊಟ್ಟ ಅಕ್ಕ, ನೋಟ್ಸ್ ಕೊಟ್ಟ ಗೆಳೆಯ, ನಸುಕಿನಲ್ಲೆದ್ದು ಬುತ್ತಿ ಕಟ್ಟಿದ ಅಮ್ಮ, ಫಲಿತಾಂಶ ಬಂದ ದಿನ ಇವರೆಲ್ಲ ಎಷ್ಟು ಮಂದಿಗೆ ನೆನಪಾಗುತ್ತಾರೆ?

ಕ್ರೈಸ್ತರ ಪವಿತ್ರ ಗ್ರಂಥವಾದ ಬೈಬಲ್ಲಿನಲ್ಲಿ, ಲೂಕನು ಬರೆದ ಸುವಾರ್ತೆಯ 17ನೇ ಅಧ್ಯಾಯದಲ್ಲಿ, ಇದೇ ಸ್ವಭಾವವನ್ನು ತೋರಿಸುವ ಒಂದು ಪುಟ್ಟ ಪ್ರಸಂಗವಿದೆ. ಯೇಸು ಜೆರುಸಲೇಮಿಗೆ ಹೋಗುವ ದಾರಿಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲೇ ನಿಂತು, ತಮ್ಮ ಮೇಲೆ ಕರುಣೆ ತೋರಬೇಕೆಂದು ಕೂಗುತ್ತಾರೆ. ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿ ಎಂದು ಯೇಸು ಹೇಳುತ್ತಾನೆ. ಅಂದಿನ ಕಟ್ಟಳೆಯಂತೆ ರೋಗ ವಾಸಿಯಾಯಿತೆಂದು ಯಾಜಕರು ಒಪ್ಪಿದ ಮೇಲೆಯೇ ಅಂಥವರಿಗೆ ಮನೆ, ಊರು, ಬಂಧುಬಳಗ ಮರಳಿ ಸಿಗುತ್ತಿತ್ತು. ಹೋಗುತ್ತಿರುವಾಗಲೇ ಹತ್ತೂ ಮಂದಿ ಗುಣ ಹೊಂದುತ್ತಾರೆ. ಆದರೆ ಹಿಂದಿರುಗಿ ಬಂದು ಕಾಲಿಗೆರಗಿ ಉಪಕಾರ ಸ್ಮರಿಸಿದವನು ಒಬ್ಬನೇ. ಅವನೂ ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾನೆ.

ಆ ಒಂಬತ್ತು ಮಂದಿ ಕೆಟ್ಟವರೆಂದು ಕಥೆ ಹೇಳುವುದಿಲ್ಲ. ಅವರ ರೋಗ ಮರುಕಳಿಸಿತೆಂದೂ ಹೇಳುವುದಿಲ್ಲ. ಎಷ್ಟೋ ಕಾಲದಿಂದ ಕಾಣದಿದ್ದ ಹೆಂಡತಿ ಮಕ್ಕಳನ್ನು ಕಾಣಲು ಅವರು ಓಡಿರಬಹುದು. ಅವರು ಮಾಡದೆ ಹೋದದ್ದು ಒಂದೇ: ನಿಂತು, ತಿರುಗಿ ನೋಡುವುದು.

ಮೂಗು ಮರೆಯುವ ಮಲ್ಲಿಗೆ

ತಿರುಗಿ ನೋಡುವುದು ಅಷ್ಟೇಕೆ ಕಷ್ಟ? ಇದಕ್ಕೆ ನಮ್ಮ ದೇಹದ ರಚನೆಯಲ್ಲೇ ಒಂದು ಕಾರಣವಿದೆ. ಮಲ್ಲಿಗೆ ದಂಡೆ ಇಟ್ಟ ಕೋಣೆಗೆ ಕಾಲಿಟ್ಟಾಗ ಪರಿಮಳ ಮುಖಕ್ಕೇ ಬಡಿಯುತ್ತದೆ. ಸ್ವಲ್ಪ ಹೊತ್ತು ಅಲ್ಲೇ ಕುಳಿತರೆ ಪರಿಮಳ ಇದ್ದದ್ದೇ ಗೊತ್ತಾಗುವುದಿಲ್ಲ. ಹೂವು ಬಾಡಿಲ್ಲ, ಮೂಗು ಒಗ್ಗಿಹೋಗಿದೆ.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪ್ರಯೋಗವಿದೆ. ಮೂರು ಪಾತ್ರೆಗಳಲ್ಲಿ ಕ್ರಮವಾಗಿ ಕೈ ತಾಳುವಷ್ಟು ಬಿಸಿಯಾದ ನೀರು, ಉಗುರುಬೆಚ್ಚಗಿನ ನೀರು, ತಣ್ಣೀರು ಇಟ್ಟುಕೊಳ್ಳಬೇಕು. ಎಡಗೈಯನ್ನು ಬಿಸಿನೀರಿನಲ್ಲೂ ಬಲಗೈಯನ್ನು ತಣ್ಣೀರಿನಲ್ಲೂ ಒಂದೆರಡು ನಿಮಿಷ ಅದ್ದಿ, ಅನಂತರ ಎರಡನ್ನೂ ಒಟ್ಟಿಗೆ ನಡುವಿನ ಪಾತ್ರೆಗೆ ಹಾಕಬೇಕು. ಎಡಗೈಗೆ ಆ ನೀರು ತಣ್ಣಗೆ, ಬಲಗೈಗೆ ಬಿಸಿ! ನೀರು ಒಂದೇ. ನಮ್ಮ ನರಗಳು ಹೆಚ್ಚಾಗಿ ಗುರುತಿಸುವುದು ಇರುವುದನ್ನಲ್ಲ, ಬದಲಾವಣೆಯನ್ನು. ಕಾಡಿನಲ್ಲಿ ಬದುಕುತ್ತಿದ್ದ ಮನುಷ್ಯನಿಗೆ ಇದು ದೊಡ್ಡ ಉಪಕಾರವೇ ಆಗಿತ್ತು. ಎಂದಿನಂತೆ ನಿಂತಿರುವ ಮರಕ್ಕಿಂತ ಆಗತಾನೆ ಅಲುಗಿದ ಪೊದೆಯನ್ನು ಗಮನಿಸಿದವನೇ ಹುಲಿಯಿಂದ ಪಾರಾಗುತ್ತಿದ್ದ.

ಮನಸ್ಸಿನ ಸುಖವೂ ಹೀಗೆಯೇ ಒಗ್ಗಿಹೋಗುತ್ತದೆ. ಹೊಸ ಸೈಕಲ್ ಬಂದ ವಾರ ಹುಡುಗ ಅದನ್ನು ದಿನಕ್ಕೆರಡು ಸಲ ಒರೆಸುತ್ತಾನೆ. ಮೂರು ತಿಂಗಳಾದ ಮೇಲೆ ಅದು ಮಳೆಯಲ್ಲಿ ನೆನೆಯುತ್ತಿದ್ದರೂ ಒಳಗೆ ತಂದಿಡುವುದಿಲ್ಲ. ಅವನ ಕಣ್ಣೀಗ ಪಕ್ಕದ ಮನೆಯವನ ಬೈಕಿನ ಮೇಲೆ. ಮಗಳು ತೊಂಬತ್ತೆರಡು ಅಂಕ ತಂದರೆ ‘ಉಳಿದ ಎಂಟು ಎಲ್ಲಿ ಹೋಯಿತು?’ ಎನ್ನುವ ತಂದೆಯದೂ ಇದೇ ಕಥೆ. ತೊಂಬತ್ತೆರಡು ಅವರಿಗೆ ಅಭ್ಯಾಸವಾಗಿಹೋಗಿದೆ.

‘ಕೃತಜ್ಞತೆ’ ಎಂಬ ಪದವನ್ನು ಬಿಡಿಸಿ ನೋಡಿದರೆ ಇದರ ಮದ್ದು ಅಲ್ಲೇ ಸಿಗುತ್ತದೆ. ‘ಕೃತ’ ಎಂದರೆ ಮಾಡಲ್ಪಟ್ಟದ್ದು; ‘ಜ್ಞ’ ಎಂದರೆ ತಿಳಿದವನು. ತನಗಾಗಿ ಮಾಡಿದ್ದನ್ನು ತಿಳಿದವನೇ ಕೃತಜ್ಞ. ಅಂದರೆ ಅದು ಮೊದಲಿಗೆ ಭಾವನೆಯಲ್ಲ, ತಿಳಿವಳಿಕೆ, ಗಮನಿಸುವ ಕೆಲಸ. ದೇಹವೇ ಮರೆಸುವುದನ್ನು ಬೇಕೆಂದೇ ನೆನಪಿಸಿಕೊಳ್ಳುವ ಕೆಲಸವಾದ್ದರಿಂದ ಅದು ತಾನಾಗಿ ಬರುವುದಿಲ್ಲ. ಮಗ್ಗಿಯಂತೆ, ಈಜಿನಂತೆ ರೂಢಿ ಮಾಡಿಕೊಂಡರಷ್ಟೇ ಬರುತ್ತದೆ.

ಪ್ರಯೋಗದ ಒರೆಗಲ್ಲಿನಲ್ಲಿ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ವಾರಕ್ಕೊಮ್ಮೆ ಬರೆಯಲು ಹೇಳಲಾಯಿತು. ಒಂದು ಗುಂಪಿನವರು ಆ ವಾರ ತಾವು ಕೃತಜ್ಞರಾಗಿರಬೇಕಾದ ಐದು ಸಂಗತಿಗಳವರೆಗೆ ಬರೆಯಬೇಕು. ಇನ್ನೊಂದು ಗುಂಪಿನವರು ಕಿರಿಕಿರಿ ತಂದ ಸಂಗತಿಗಳನ್ನು. ಮೂರನೆಯವರು ನಡೆದ ಘಟನೆಗಳನ್ನಷ್ಟೇ. ಸುಮಾರು ಎರಡು ತಿಂಗಳಲ್ಲಿ ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಕಂಡಿತು. ಮೈಕೈ ನೋವಿನಂಥ ದೂರುಗಳು ಅವರಲ್ಲಿ ಕಡಿಮೆಯಿದ್ದವು. ವ್ಯಾಯಾಮಕ್ಕೂ ಅವರು ಹೆಚ್ಚು ಸಮಯ ಕೊಟ್ಟಿದ್ದರು. 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರು ಮತ್ತು ಏಳನೇ ತರಗತಿಯ 221 ಮಕ್ಕಳಲ್ಲಿ ಕೆಲವರು ಎರಡು ವಾರ ಇಂಥ ಪಟ್ಟಿ ಬರೆದರು. ಅವರಿಗೆ ಶಾಲೆಯ ಮೇಲಿನ ಪ್ರೀತಿ ಹೆಚ್ಚಿತ್ತು.

ಇದನ್ನು ಮಂತ್ರದಂಡವೆಂದು ತಿಳಿಯಬೇಕಿಲ್ಲ. ಮುಂದಿನ ಅಧ್ಯಯನಗಳಲ್ಲಿ ಲಾಭ ಕಂಡುಬಂದರೂ ಅದರ ಪ್ರಮಾಣ ಸಾಧಾರಣವೇ. ಪಟ್ಟಿ ಬರೆದೊಡನೆ ಕಷ್ಟ ಕರಗುವುದಿಲ್ಲ. ಹಾಗಾದರೆ ನಿಜವಾದ ಕಷ್ಟದಲ್ಲಿ ಕೃತಜ್ಞತೆಗೆ ಏನರ್ಥ? ಇದಕ್ಕೆ ಉತ್ತರ ಪ್ರಯೋಗಶಾಲೆಗಿಂತ ಒಬ್ಬ ಮನುಷ್ಯನ ಬದುಕಿನಲ್ಲಿ ಚೆನ್ನಾಗಿ ಸಿಗುತ್ತದೆ.

ಸ್ಮಶಾನದ ನಡುವೆ ಊಟದ ಪ್ರಾರ್ಥನೆ

ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ ಐಲೆನ್‌ಬುರ್ಗ್ ಎಂಬ ಸಣ್ಣ ಪಟ್ಟಣವಿದೆ. ಮಾರ್ಟಿನ್ ರಿಂಕಾರ್ಟ್ 1586ರಲ್ಲಿ ಅಲ್ಲಿ ಹುಟ್ಟಿದ. ತಂದೆಯದು ಪೀಪಾಯಿ ಮಾಡುವ ಕಸುಬು. ಮಗ ಲೈಪ್‌ಜಿಗ್‌ನಲ್ಲಿ ಓದಿ, ಸಂಗೀತ ಕಲಿತು, 1617ರಲ್ಲಿ ಹುಟ್ಟೂರಿಗೇ ಪಾದ್ರಿಯಾಗಿ ಬಂದ. ಮರುವರ್ಷ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಅದು ಮುಗಿದದ್ದು ಮೂವತ್ತು ವರ್ಷಗಳ ನಂತರ. ಇತಿಹಾಸದಲ್ಲಿ ಅದರ ಹೆಸರೇ ಮೂವತ್ತು ವರ್ಷಗಳ ಯುದ್ಧ.

ಐಲೆನ್‌ಬುರ್ಗ್ ಕೋಟೆ ಗೋಡೆಯಿದ್ದ ಊರು. ಸುತ್ತಲಿನ ಹಳ್ಳಿಗಳ ನಿರಾಶ್ರಿತರೆಲ್ಲ ಅಲ್ಲಿಗೇ ಓಡಿ ಬಂದರು. ಜನ ಕಿಕ್ಕಿರಿದ ಕಡೆ ರೋಗ ಬರಲು ಎಷ್ಟು ಹೊತ್ತು? 1637ರಲ್ಲಿ ಪ್ಲೇಗು ಬಂತು. ಊರಿನ ಬೇರೆ ಪಾದ್ರಿಗಳಲ್ಲಿ ಕೆಲವರು ಸತ್ತರು, ಒಬ್ಬ ಊರು ಬಿಟ್ಟ. ಉಳಿದವನು ರಿಂಕಾರ್ಟ್ ಒಬ್ಬನೇ. ಕೆಲವು ದಿನ ನಲವತ್ತು ಐವತ್ತು ಶವಗಳಿಗೆ ಅವನು ಪ್ರಾರ್ಥನೆ ಹೇಳಬೇಕಾಯಿತು. ಆ ಒಂದು ವರ್ಷದಲ್ಲಿ ಅವನು ನಡೆಸಿಕೊಟ್ಟ ಅಂತ್ಯಕ್ರಿಯೆಗಳು ಸುಮಾರು 4,480 ಎಂದು ದಾಖಲಾಗಿದೆ. ಅವುಗಳಲ್ಲಿ ಒಂದು ಅವನ ಹೆಂಡತಿಯದು.

ಪ್ಲೇಗಿನ ಬೆನ್ನಿಗೇ ಬರ. ಸತ್ತ ಬೆಕ್ಕಿಗೂ ಕಾಗೆಗೂ ಮೂವತ್ತು ನಲವತ್ತು ಜನ ಬೀದಿಯಲ್ಲಿ ಕಿತ್ತಾಡಿದರಂತೆ. ರಿಂಕಾರ್ಟ್ ತನ್ನ ಮನೆಗೆ ಅತ್ಯಗತ್ಯವಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದ ಕಾಳನ್ನು ಹಂಚಿದ; ತನ್ನ ಮಕ್ಕಳ ಅನ್ನ ಬಟ್ಟೆಗಾಗಿ ಮುಂದಿನ ವರ್ಷಗಳ ವರಮಾನವನ್ನೇ ಅಡ ಇಡಬೇಕಾಯಿತು. ಇಷ್ಟರ ಮೇಲೆ ಸ್ವೀಡನ್ನಿನ ಸೇನೆ ಬಂದು 30,000 ತಾಲರ್ ನಾಣ್ಯಗಳ ಕಪ್ಪ ಕೇಳಿತು. ರಿಂಕಾರ್ಟ್ ಸೇನಾಪತಿಯ ಬಳಿ ಹೋಗಿ ಬೇಡಿಕೊಂಡ. ಅಲ್ಲಿ ಕಿವಿಗೊಡುವವರಿಲ್ಲವೆಂದು ಕಂಡಾಗ ಊರಿನವರನ್ನು ಕೂಡಿಸಿ ಮಂಡಿಯೂರಿ ಪ್ರಾರ್ಥಿಸಿದ. ಕೊನೆಗೆ ಕಪ್ಪ 2,000 ಫ್ಲೋರಿನ್‌ಗೆ ಇಳಿಯಿತು.

ಇವನ ಹೆಸರನ್ನು ಇಂದಿಗೂ ಉಳಿಸಿರುವುದು ಒಂದು ಹಾಡು. ಜರ್ಮನ್ ಭಾಷೆಯ ‘ನುನ್ ದಾಂಕೆಟ್ ಆಲೆ ಗಾಟ್’ ಎಂಬ ಆ ಸ್ತೋತ್ರದ ಹೆಸರಿನಲ್ಲೇ ಎಲ್ಲರೂ ದೇವರಿಗೆ ವಂದನೆ ಹೇಳಬೇಕೆಂಬ ಕರೆಯಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಕ್ಯಾಥರಿನ್ ವಿಂಕ್‌ವರ್ತ್ ಇಂಗ್ಲಿಷಿಗೆ ತಂದ ಮೇಲೆ ಅದು ಲೋಕದ ಎಷ್ಟೋ ಚರ್ಚುಗಳನ್ನು ಮುಟ್ಟಿತು. ಸಂಗೀತಗಾರ ಬಾಖ್ ಕೂಡ ಅದನ್ನು ಬಳಸಿಕೊಂಡಿದ್ದಾನೆ. ಯುದ್ಧ ಮುಗಿದ ಸಂತೋಷದಲ್ಲಿ ರಿಂಕಾರ್ಟ್ ಅದನ್ನು ಬರೆದನೆಂದು ಅನೇಕರು ಹೇಳುವುದುಂಟು. ಅದು ಸರಿಯಲ್ಲ. ಶಾಂತಿ ಒಪ್ಪಂದವಾದದ್ದು 1648ರಲ್ಲಿ. ಹಾಡು 1647ರ ಸಂಗ್ರಹವೊಂದರಲ್ಲಿ ಆಗಲೇ ಅಚ್ಚಾಗಿತ್ತು. ಅವನ ಪುಸ್ತಕದಲ್ಲಿ ಅದಕ್ಕಿದ್ದ ತಲೆಬರಹವೂ ದೊಡ್ಡದಲ್ಲ: ಊಟದ ವೇಳೆಯ ಪುಟ್ಟ ಪ್ರಾರ್ಥನೆ, ಅಷ್ಟೆ. ಗೆದ್ದ ಮೇಲೆ ಹಾಡಿದ ಜಯಗೀತೆಯಲ್ಲ ಅದು. ಯುದ್ಧದ ನಡುವೆ, ತಟ್ಟೆಯಲ್ಲಿ ಇದ್ದಷ್ಟರ ಮುಂದೆ ಕುಳಿತ ಮನೆಮಂದಿಗಾಗಿ ಹುಟ್ಟಿದ್ದು.

ಇಲ್ಲಿ ಕ್ರೈಸ್ತ ದೃಷ್ಟಿಯ ತಿರುಳಿದೆ. ಸಂತ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಎಲ್ಲ ಸ್ಥಿತಿಯಲ್ಲೂ ಕೃತಜ್ಞರಾಗಿರಿ ಎಂದು ಬೋಧಿಸುತ್ತಾನೆ. ಎಲ್ಲ ಸ್ಥಿತಿಯಲ್ಲೂ ಎಂದರೆ ಎಲ್ಲ ಸ್ಥಿತಿಗಾಗಿಯೂ ಎಂದಲ್ಲ. ಹೆಂಡತಿಯ ಸಾವಿಗೆ ರಿಂಕಾರ್ಟ್ ವಂದನೆ ಹೇಳಲಿಲ್ಲ. ಆ ಸಾವಿನ ನಡುವೆಯೂ ಉಳಿದಿದ್ದ ಅನ್ನ, ಮಕ್ಕಳು, ನಂಬಿಕೆ ಇವುಗಳನ್ನು ಕಾಣದವನಾಗಲಿಲ್ಲ. ಬೈಬಲ್ಲಿನ 150 ಕೀರ್ತನೆಗಳಲ್ಲಿ ಸ್ತುತಿಯ ಜೊತೆಗೆ ಅಳಲೂ ದೂರೂ ಬೇಕಾದಷ್ಟಿವೆ. ಅಳುವವನ ಬಾಯಿ ಮುಚ್ಚಿಸುವುದು ಕೃತಜ್ಞತೆಯ ಕೆಲಸವಲ್ಲ. ಯೇಸು ತನ್ನ ಬಂಧನದ ಹಿಂದಿನ ಗಳಿಗೆಯ ಕೊನೆಯ ಭೋಜನದಲ್ಲಿ ರೊಟ್ಟಿಯನ್ನು ಕೈಗೆತ್ತಿಕೊಂಡು ದೇವರಿಗೆ ವಂದನೆ ಸಲ್ಲಿಸಿದನೆಂದು ಸುವಾರ್ತೆ ಹೇಳುತ್ತದೆ. ಆ ಭೋಜನದ ನೆನಪಿನ ಪೂಜೆಗೆ ‘ಯೂಕರಿಸ್ಟ್’ ಎಂಬ ಹೆಸರು ಬಂದಿರುವುದು ಕೃತಜ್ಞತೆ ಎಂಬ ಅರ್ಥದ ಗ್ರೀಕ್ ಪದದಿಂದಲೇ.

ಕರಾವಳಿಯ ಹೊಸ ತೆನೆ

ಇಂಥ ಅಭ್ಯಾಸವನ್ನು ಮಕ್ಕಳಿಗೆ ಉಪದೇಶಕ್ಕಿಂತ ಹಬ್ಬವೇ ಚೆನ್ನಾಗಿ ಕಲಿಸುತ್ತದೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕೊಂಕಣಿ ಕ್ರೈಸ್ತರು ಪ್ರತಿ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಹುಟ್ಟುಹಬ್ಬದ ದಿನ, ‘ಮೊಂತಿ ಫೆಸ್ತ್’ ಆಚರಿಸುತ್ತಾರೆ. ಅದಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಕೊಯ್ದು ತಂದು ಬಾಲ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೂ ಕೊಡುತ್ತಾರೆ. ಮನೆಯಲ್ಲಿ ಪ್ರಾರ್ಥನೆಯಾದ ಮೇಲೆ ಆ ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಸ್ವಲ್ಪ ಸ್ವಲ್ಪ ಸೇವಿಸುತ್ತಾರೆ. ಅಂದು ಊಟಕ್ಕೆ ಮೀನು ಮಾಂಸವಿಲ್ಲ, ತರಕಾರಿಯೇ. ಊರಲ್ಲಿಲ್ಲದ ಮಕ್ಕಳನ್ನೂ ಮರೆಯುವುದಿಲ್ಲ. ಮುಂಬಯಿಗೋ ಕೊಲ್ಲಿ ದೇಶಕ್ಕೋ ಹೋದವರಿಗೆ ಅಂಚೆ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸುವ ಪದ್ಧತಿ ಬೆಳೆದು ಬಂದಿದೆ.

ಕೊಡಗಿನ ಹುತ್ತರಿ, ತುಳುನಾಡಿನ ತೆನೆ ಹಬ್ಬಗಳ ಒಳಗುಟ್ಟೂ ಇದೇ. ವರ್ಷವಿಡೀ ತಿನ್ನುವ ಅನ್ನಕ್ಕೆ ನಾಲಿಗೆ ಒಗ್ಗಿಹೋಗಿರುತ್ತದೆ. ಒಂದು ದಿನ ನಾಲ್ಕೇ ಕಾಳನ್ನು ಕೈಯಲ್ಲಿ ಹಿಡಿದು ನೋಡಿದಾಗ ಅದು ಎಲ್ಲಿಂದ ಬಂತೆಂಬುದು ಮತ್ತೆ ಹೊಸದಾಗಿ ಕಾಣುತ್ತದೆ.

ಕೇಳಿ ಪಡೆಯುವುದಲ್ಲ

ತಂದೆತಾಯಂದಿರು ಇಲ್ಲಿ ಒಂದು ಮಾತು ಗಮನಿಸಬೇಕು. ‘ನಿನಗಾಗಿ ಎಷ್ಟೆಲ್ಲ ಮಾಡಿದ್ದೇವೆ, ಸ್ವಲ್ಪವಾದರೂ ಉಪಕಾರ ಸ್ಮರಣೆ ಇದೆಯಾ?’ ಎಂಬ ಮಾತು ಅನೇಕ ಮನೆಗಳಲ್ಲಿ, ಅದರಲ್ಲೂ ಅಂಕಪಟ್ಟಿ ಬಂದ ದಿನ, ಕೇಳಿಬರುತ್ತದೆ. ಹೀಗೆ ಕೇಳಿದಾಗ ಪ್ರೀತಿಯಿಂದ ಕೊಟ್ಟದ್ದು ಸಾಲವಾಗಿಬಿಡುತ್ತದೆ. ಸಾಲಗಾರ ತಲೆ ತಗ್ಗಿಸುತ್ತಾನೆ, ಕೃತಜ್ಞನಾಗುವುದಿಲ್ಲ. ದೇವರ ಕೃಪೆ ಮನುಷ್ಯನ ಯೋಗ್ಯತೆ ನೋಡಿ ಬರುವುದಲ್ಲ, ಕೃಪೆ ಮೊದಲು, ಕೃತಜ್ಞತೆ ಅದರ ಹಿಂದಿನಿಂದ ಬರುವುದು ಎಂಬುದು ಕ್ರೈಸ್ತರ ನಂಬಿಕೆ. ಹತ್ತರಲ್ಲಿ ಒಂಬತ್ತು ಮಂದಿ ತಿರುಗಿ ನೋಡದೆ ಹೋದರೂ ಯೇಸು ಅವರಿಗೆ ಕೊಟ್ಟ ಆರೋಗ್ಯವನ್ನು ಹಿಂದಕ್ಕೆ ಕೇಳಲಿಲ್ಲ. ಮನೆಯಲ್ಲಿ ಕೃತಜ್ಞತೆ ಬೆಳೆಯಬೇಕಾದರೆ ದೊಡ್ಡವರೇ ಮೊದಲು ಹೇಳಬೇಕು. ಹಾಲು ತಂದು ಕೊಟ್ಟ ಮಗನಿಗೆ, ಅಡುಗೆ ಮಾಡಿದ ಹೆಂಡತಿಗೆ, ಬಾಗಿಲಿಗೆ ಬಂದ ಪೌರಕಾರ್ಮಿಕರಿಗೆ ಅಪ್ಪ ಒಳ್ಳೆಯ ಮಾತು ಹೇಳುವುದನ್ನು ಕೇಳಿದ ಮಗು ಬೇರೆ ಪಾಠವಿಲ್ಲದೆ ಕಲಿಯುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದದ್ದೂ ಸರಳವೇ. ವಾರಕ್ಕೊಮ್ಮೆ, ಭಾನುವಾರ ಸಂಜೆಯಾದರೆ ಒಳ್ಳೆಯದು, ಹಳೆಯ ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆಯಿರಿ. ‘ಅಪ್ಪ ಅಮ್ಮನಿಗೆ ವಂದನೆ’ ಎಂಬಂಥ ಮಾತು ಬೇಡ. ಪ್ರತಿ ವಾರ ಅದನ್ನೇ ಬರೆದರೆ ಅದಕ್ಕೂ ಮಲ್ಲಿಗೆಯ ಗತಿಯೇ. ಯಾರು, ಯಾವಾಗ, ಏನು ಮಾಡಿದರು ಎಂದು ಸ್ಪಷ್ಟವಾಗಿ ಬರೆಯಿರಿ. ಮಳೆ ಬರುತ್ತಿದ್ದಾಗ ಓಡಿ ಬರುವುದನ್ನು ಕಂಡು ಬಸ್ಸು ನಿಲ್ಲಿಸಿದ ಕಂಡಕ್ಟರ್, ಎರಡನೇ ಸಲ ಕೇಳಿದರೂ ಬೇಸರಿಸದೆ ಹೇಳಿಕೊಟ್ಟ ಮೇಷ್ಟ್ರು, ಜ್ವರ ಬಂದ ರಾತ್ರಿ ಹಣೆಗೆ ಒದ್ದೆ ಬಟ್ಟೆ ಹಾಕಿದ ಅಜ್ಜಿ. ಆ ಐದರಲ್ಲಿ ಒಬ್ಬರ ಬಳಿಗಾದರೂ ಹೋಗಿ ಬಾಯಿಬಿಟ್ಟು ಹೇಳಿ. ಊರು ದೂರವಾದರೆ ಕಾಗದ ಬರೆಯಿರಿ.

ಕಷ್ಟದ ವಾರದಲ್ಲಿ ಐದು ಸಿಗದಿದ್ದರೆ ಒಂದೇ ಸಾಕು. ಪರೀಕ್ಷೆಯಲ್ಲಿ ನಪಾಸಾದ ದಿನವೂ ಯಾರೋ ‘ಊಟ ಮಾಡಿದೆಯಾ?’ ಎಂದು ಕೇಳಿರುತ್ತಾರೆ. ಆ ದಿನದ ದುಃಖ ಸುಳ್ಳಲ್ಲ. ಆ ಪ್ರಶ್ನೆಯೂ ಸುಳ್ಳಲ್ಲ. ಎರಡನ್ನೂ ಬರೆದಿಟ್ಟುಕೊಳ್ಳಬಹುದು. ಹತ್ತು ಮಂದಿಗೂ ದಾರಿ ಒಂದೇ ಆಗಿತ್ತು, ಗುಣವಾದದ್ದೂ ಒಂದೇ ಬಗೆ. ಒಬ್ಬನು ಮಾತ್ರ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದ. ಮನೆ ಸೇರಲು ಅವನಿಗೆ ಸ್ವಲ್ಪ ತಡವಾಗಿರಬಹುದು, ಅಷ್ಟೇ.