ತೆಂಗಿನ ನೆರಳಲ್ಲಿ ಪಾಲಿಹೌಸ್ ಕಟ್ಟಿದರೆ ತಂಪಾಗಿರುತ್ತದೆಯೇ? ಜಾಗ ಗುರುತಿಸುವ ಮುನ್ನ ಇದನ್ನು ಓದಿ

"ಮರಗಳ ನಡುವೆ ಜಾಗ ಖಾಲಿ ಬಿದ್ದಿದೆ, ನೆರಳೂ ಇದೆ. ಅಲ್ಲೇ ಪಾಲಿಹೌಸ್ ಹಾಕಿ ಕ್ಯಾಪ್ಸಿಕಂ ಬೆಳೆಯಿರಿ." ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗು ಬೆಳೆಗಾರರಿಗೆ ಇಂಥ ಸಲಹೆ ಸಿಗುವುದು ಸುಲಭ. ಇನ್ನೊಂದು ಕಡೆ, "ಹಸಿರುಮನೆ ಆದಷ್ಟು ಬೆಚ್ಚಗಿರುವ ಜಾಗದಲ್ಲಿರಲಿ" ಎನ್ನುವ ವಿದೇಶಿ ವಿಡಿಯೊಗಳೂ ಇವೆ. ನಮ್ಮ ಸೀಮೆಗೆ ಇವೆರಡೂ ಹೊಂದುವುದಿಲ್ಲ. ಯಾಕೆ ಎಂದು ನೋಡೋಣ.

ವಿದೇಶಿ ಸಲಹೆ ಇಲ್ಲಿಗೇಕೆ ಆಗದು?

ಚಳಿ ದೇಶಗಳಲ್ಲಿ ಹಸಿರುಮನೆ ಕಟ್ಟುವುದು ಬಿಸಿಯನ್ನು ಹಿಡಿದಿಡಲು. ನಮ್ಮಲ್ಲಿ ಮಾರ್ಚ್‌ನಿಂದ ಮೇ ತನಕ ಬಿಸಿಯೇ ದೊಡ್ಡ ತೊಂದರೆ. ಪ್ಲಾಸ್ಟಿಕ್ ಹಾಳೆಯ ಒಳಗೆ ಹೊರಗಿಗಿಂತ ಹೆಚ್ಚು ಸೆಕೆ ಇರುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಬೆಳಕು ಚೆನ್ನಾಗಿ ಬೀಳುವ, ಗಾಳಿ ಆಡುವ ಜಾಗ.

ಮರಗಳ ನಡುವೆ ಯಾಕೆ ಬೇಡ?

ಮೊದಲ ಕಾರಣ ಬೆಳಕು. ಕಾಸರಗೋಡಿನ ಸಿಪಿಸಿಆರ್‌ಐ ವಿಜ್ಞಾನಿಗಳು ತೆಂಗಿನ ತೋಟದ ಬೆಳಕನ್ನು ಮರದ ವಯಸ್ಸಿನ ಮೇಲೆ ಮೂರು ಹಂತವಾಗಿ ವಿಂಗಡಿಸಿದ್ದಾರೆ. ಸುಮಾರು 8 ವರ್ಷದವರೆಗೆ ನೆಲಕ್ಕೆ ಬೆಳಕು ಸಾಕಷ್ಟು ಸಿಗುತ್ತದೆ. 8ರಿಂದ 25 ವರ್ಷದ ತೋಟದಲ್ಲಿ ನೆಲ ಮುಟ್ಟುವುದು ಐದರಲ್ಲಿ ಒಂದು ಪಾಲಿನಷ್ಟು ಬೆಳಕು ಮಾತ್ರ. ಆಮೇಲೆ ಮರ ಎತ್ತರವಾದಂತೆ ಬೆಳಕು ಮತ್ತೆ ಹೆಚ್ಚುತ್ತದೆ. ಉಳಿದ ಆ 20 ಪಾಲು ಬೆಳಕಿಗೂ ಅರ್ಧ ತಡೆಯುವ ಶೇಡ್‌ನೆಟ್ ಹಾಕಿದರೆ ಗಿಡಕ್ಕೆ ಸಿಗುವುದು ಬರೀ 10 ಪಾಲು. ಕ್ಯಾಪ್ಸಿಕಂ, ಸೌತೆ, ಟೊಮೆಟೊ ಇಷ್ಟರಲ್ಲಿ ಚೆನ್ನಾಗಿ ಕಾಯಿ ಕಟ್ಟುವುದಿಲ್ಲ.

ಎರಡನೆಯದು ಮೇಲಿಂದ ಬೀಳುವ ಭಾರ. ಒಂದು ಮರ ಹೆಚ್ಚುಕಡಿಮೆ ತಿಂಗಳಿಗೊಂದು ಗರಿ ಉದುರಿಸುತ್ತದೆ. ಕೊಬ್ಬರಿಗೆಂದು ಮರದಲ್ಲೇ ಬಲಿಯಲು ಬಿಟ್ಟ ಕಾಯಿ ಯಾವಾಗ ಬೇಕಾದರೂ ಬೀಳಬಹುದು. ಪ್ಲಾಸ್ಟಿಕ್ ಹಾಳೆ ಹರಿಯಲು ಒಂದೇ ಗರಿ ಸಾಕು. ಒಳಗೆ ಕೆಲಸ ಮಾಡುವವರ ತಲೆಗೂ ಅಪಾಯ.

ಮೂರನೆಯದು ಬೇರು. ತೆಂಗಿನ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ 2 ಮೀಟರ್ ಸುತ್ತಳತೆಯೊಳಗೇ ಇರುತ್ತವೆ. ಪಾಯಕ್ಕೆಂದು ಅಲ್ಲಿ ಅಗೆದರೆ ಇರುವ ಮರಕ್ಕೇ ಪೆಟ್ಟು.

ಹಾಗಾದರೆ ಯಾವ ಕಡೆ?

ನಮ್ಮ ತಾಲ್ಲೂಕುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿವೆ. ಆದ್ದರಿಂದ ವರ್ಷದ ಬಹುಪಾಲು ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ. 60 ಅಡಿ ಮರದ ನೆರಳು ಡಿಸೆಂಬರ್ ಮಧ್ಯಾಹ್ನ ಉತ್ತರಕ್ಕೆ ಸುಮಾರು 45 ಅಡಿ ಚಾಚುತ್ತದೆ. ಬೆಳಿಗ್ಗೆ 9ಕ್ಕೆ ಅದೇ ನೆರಳು ವಾಯವ್ಯದ ಕಡೆ 90 ಅಡಿ ದಾಟುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ತಿರುಗುತ್ತದೆ. ಆಗಲೂ ಅದರ ಉದ್ದ ಹತ್ತು ಅಡಿಯ ಆಸುಪಾಸು. ಅಂದರೆ ತೋಟದ ದಕ್ಷಿಣಕ್ಕಿರುವ ಬಯಲು ಉತ್ತರದ ಬಯಲಿಗಿಂತ ಒಳ್ಳೆಯದು. ಯಾವ ಕಡೆಯಾದರೂ ಮರದ ಎತ್ತರದಷ್ಟು ದೂರವನ್ನಾದರೂ ಬಿಡಿ. ಬಿರುಗಾಳಿಗೆ ಮರವೇ ಉರುಳಿದರೂ ಆಗ ಮನೆ ಉಳಿಯುತ್ತದೆ.

ಗಾಳಿ, ನೀರು ಮರೆಯಬೇಡಿ

ಮುಂಗಾರಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ. ದೂರದಲ್ಲಿ, ಪಶ್ಚಿಮದ ಬದುವಿನಲ್ಲಿ ತೆಂಗಿನ ಸಾಲಿದ್ದರೆ ಅದೇ ಗಾಳಿತಡೆ. ಪಾಲಿಹೌಸಿನ ಉದ್ದ ಉತ್ತರ–ದಕ್ಷಿಣವಾಗಿದ್ದರೆ ಒಳಗಿನ ನೆರಳು ದಿನವಿಡೀ ಸರಿಯುತ್ತಾ ಬೆಳಕು ಎಲ್ಲ ಗಿಡಕ್ಕೂ ಸಮನಾಗಿ ಸಿಗುತ್ತದೆ. ಮೇಲಿನ ಗಾಳಿಕಿಂಡಿ ಪೂರ್ವಕ್ಕೆ ತೆರೆದಿರಲಿ. ಆಗ ಪಶ್ಚಿಮದ ಗಾಳಿ ನೇರ ಒಳನುಗ್ಗಿ ಹಾಳೆ ಎತ್ತುವುದಿಲ್ಲ.

ಕೆರೆ ಹಿಂದಿನ ತಗ್ಗು ಬೇಡ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಸ್ವಲ್ಪ ಇಳಿಜಾರಿದ್ದು, ಕೆಳಗೆ ಕೃಷಿ ಹೊಂಡಕ್ಕೆ ಜಾಗವಿದ್ದರೆ ಒಳ್ಳೆಯದು. 10 ಗುಂಟೆಯ ಚಾವಣಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 10 ಸಾವಿರ ಲೀಟರ್ ನೀರು. ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚಿದ್ದರೆ ಹನಿ ನೀರಾವರಿಯ ತೂತು ಕಟ್ಟಿಕೊಳ್ಳುತ್ತದೆ. ಆದ್ದರಿಂದ ನೀರಿನ ಪರೀಕ್ಷೆ ಮೊದಲು, ಕಂಬ ಆಮೇಲೆ.

ಬಯಲು ಜಾಗವೇ ಇಲ್ಲದಿದ್ದರೆ?

ಆಗ ಪಾಲಿಹೌಸ್ ಬೇಡ. ಪಾಲಿಹೌಸ್‌ಗಾಗಿ ಫಲ ಕೊಡುವ ಮರ ಕಡಿಯುವುದೂ ಬೇಡ. ತೆಂಗಿನ ನೆರಳನ್ನೇ ಬಯಸುವ ಕೋಕೊ, ಕಾಳುಮೆಣಸಿಗೆ ಹಾಳೆಯ ಖರ್ಚಿಲ್ಲದೆ ತೋಟವೇ ಚಾವಣಿ.

ಸಾಲಕ್ಕೆ ಸಹಿ ಹಾಕುವ ಮುನ್ನ ಒಂದು ಕೆಲಸ ಮಾಡಿ. ಡಿಸೆಂಬರ್‌ನಲ್ಲೊಮ್ಮೆ, ಜೂನ್‌ನಲ್ಲೊಮ್ಮೆ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 3ಕ್ಕೆ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ಗೂಟ ನೆಡಿ. ಮೂರು ಹೊತ್ತೂ ಬಿಸಿಲಿರುವ ಜಾಗವೇ ನಿಮ್ಮದು. ಅದರ ಫೋಟೊ ಹಿಡಿದುಕೊಂಡು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕು ತೋಟಗಾರಿಕೆ ಕಚೇರಿಗೋ ಹೋಗಿ ಕೇಳಿ. ಪಾಲಿಹೌಸ್ ಹಾಕುವ ಯೋಚನೆಯಲ್ಲಿರುವ ನೆಂಟರಿಗೂ ಇದನ್ನು ಕಳಿಸಿ.