ನೆಲವಿಲ್ಲದ ಬಿಡುಗಡೆ: ಅಮೆರಿಕದ ಮುಗಿಯದ ಲೆಕ್ಕ

ಅಮೆರಿಕದಲ್ಲಿ ಜೂನ್ 19 ಗುಲಾಮಗಿರಿಯ ಅಂತ್ಯವನ್ನು ಸ್ಮರಿಸುವ ದಿನ. 2021ರಿಂದ ಅದು ರಾಷ್ಟ್ರೀಯ ರಜಾದಿನವೂ ಹೌದು. 1865ರ ಆ ದಿನ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಜನರಲ್ ಗಾರ್ಡನ್ ಗ್ರೇಂಜರ್ ಹೊರಡಿಸಿದ ಆದೇಶವು ಅಲ್ಲಿನ ಗುಲಾಮರೆಲ್ಲರೂ ಸ್ವತಂತ್ರರೆಂದು ಸಾರಿತು. ಅದೇ ಆದೇಶದ ಮುಂದಿನ ಸಾಲುಗಳು ಅಷ್ಟೇ ಮುಖ್ಯ. ಒಡೆಯ-ಗುಲಾಮರ ಸಂಬಂಧ ಇನ್ನು ಮಾಲೀಕ-ಕೂಲಿಯಾಳುಗಳ ಸಂಬಂಧವಾಗುತ್ತದೆ. ಬಿಡುಗಡೆಯಾದವರು ಇದ್ದಲ್ಲಿಯೇ ಇದ್ದು ಕೂಲಿಗೆ ದುಡಿಯಬೇಕು ಎಂದು ಅದು ಸೂಚಿಸಿತ್ತು. ಕಾನೂನು ಬದಲಾಯಿತು, ನೆಲದ ಒಡೆತನ ಬದಲಾಗಲಿಲ್ಲ.

ನೆಲ ಹಂಚುವ ಪ್ರಯತ್ನವೇ ನಡೆಯಲಿಲ್ಲವೆಂದಲ್ಲ. 1865ರ ಜನವರಿಯಲ್ಲಿ ಜನರಲ್ ವಿಲಿಯಂ ಷರ್ಮನ್, ದಕ್ಷಿಣ ಕೆರೊಲಿನಾದಿಂದ ಫ್ಲಾರಿಡಾವರೆಗಿನ ಕರಾವಳಿಯ ಜಮೀನನ್ನು ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆವರೆಗೆ ನೀಡಲು ಆದೇಶಿಸಿದರು. ಸುಮಾರು 40 ಸಾವಿರ ಜನ ಅಲ್ಲಿ ನೆಲೆಸಿ ಬೇಸಾಯಕ್ಕಿಳಿದರು. ಲಿಂಕನ್ ಹತ್ಯೆಯ ನಂತರ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಜಮೀನನ್ನು ಹಳೆಯ ಒಡೆಯರಿಗೆ ಮರಳಿಸಲು ಮುಂದಾದರು. ಮಿಸಿಸಿಪ್ಪಿಯಂಥ ರಾಜ್ಯಗಳು ಕೆಲಸದ ಕರಾರು ಇಲ್ಲದ ಕಪ್ಪು ವರ್ಣೀಯರನ್ನು ಅಲೆಮಾರಿಗಳೆಂದು ಹಿಡಿದು, ಅವರ ದಂಡ ತೆತ್ತವರ ಬಳಿ ದುಡಿಸುವ ಕಾಯ್ದೆ ತಂದವು.

ಕೊನೆಗೆ ಉಳಿದ ದಾರಿ ಪಾಲಿನ ಬೇಸಾಯ. ಬೀಜ, ದಿನಸಿ, ಉಪಕರಣಗಳೆಲ್ಲ ಭೂಮಾಲೀಕನಿಂದ ಅಥವಾ ಅಂಗಡಿಯವನಿಂದ ಸಾಲವಾಗಿ ಬರುತ್ತಿದ್ದವು. ಹತ್ತಿ ಬಿಡಿಸುವ ಹೊತ್ತಿಗೆ ರೈತನ ಪಾಲು ಸಾಲಕ್ಕೇ ಸಂದುಹೋಗುತ್ತಿತ್ತು. ಕ್ರಮೇಣ ಬಡ ಬಿಳಿಯ ರೈತರೂ ದೊಡ್ಡ ಸಂಖ್ಯೆಯಲ್ಲಿ ಇದೇ ಬಲೆಗೆ ಬಿದ್ದರು. ವರ್ಣ ಬೇರೆಯಾದರೂ ವರ್ಗ ಒಂದೇ ಆಗಿತ್ತು.

1868 ಮತ್ತು 1870ರ ಸಂವಿಧಾನ ತಿದ್ದುಪಡಿಗಳು ಕಪ್ಪು ವರ್ಣೀಯರಿಗೆ ಪೌರತ್ವವನ್ನೂ ಪುರುಷರಿಗೆ ಮತದಾನದ ಹಕ್ಕನ್ನೂ ಖಾತರಿಪಡಿಸಿದ್ದವು. ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಅಮೆರಿಕದ ಜನರಿಗೆ ಅರ್ಪಿಸಿದ್ದು ಈ ಭರವಸೆಯ ಕಾಲದಲ್ಲಿ, 1873ರಲ್ಲಿ. ನಾಲ್ಕೇ ವರ್ಷಗಳಲ್ಲಿ, 1877ರ ರಾಜಕೀಯ ಒಪ್ಪಂದದೊಂದಿಗೆ ಕೇಂದ್ರ ಸರ್ಕಾರ ದಕ್ಷಿಣದಲ್ಲಿ ಸೇನಾ ರಕ್ಷಣೆಯನ್ನು ಹಿಂತೆಗೆದುಕೊಂಡಿತು. ಉಳುವ ನೆಲವೂ ಇರುವ ಗುಡಿಸಲೂ ಅನ್ಯರದ್ದಾದಾಗ ಮತದ ಹಕ್ಕನ್ನು ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ.

ಎರಡೂ ವರ್ಣದ ಬಡವರು ಒಂದಾಗುವ ಅವಕಾಶ 1890ರ ದಶಕದಲ್ಲಿ ಒದಗಿತ್ತು. ಉತ್ತರ ಕೆರೊಲಿನಾದಲ್ಲಿ ಅವರ ಬೆಂಬಲದ ಮೈತ್ರಿಕೂಟ ಅಧಿಕಾರಕ್ಕೂ ಬಂತು. 1898ರಲ್ಲಿ ವಿಲ್ಮಿಂಗ್ಟನ್ ನಗರದ ಚುನಾಯಿತ ಆಡಳಿತವನ್ನು ಬಿಳಿಯರ ಸಶಸ್ತ್ರ ಗುಂಪು ಉರುಳಿಸಿತು. ಕಪ್ಪು ವರ್ಣೀಯರ ಹತ್ಯೆ ನಡೆಯಿತು. ದಕ್ಷಿಣದ ರಾಜ್ಯಗಳಲ್ಲಿ ಮತ ಚಲಾಯಿಸಲು ವಿಧಿಸಿದ ತಲೆತೆರಿಗೆಯು ಕಪ್ಪು ವರ್ಣೀಯರೊಂದಿಗೆ ಅನೇಕ ಬಡ ಬಿಳಿಯರನ್ನೂ ಮತಗಟ್ಟೆಯಿಂದ ದೂರವಿಟ್ಟಿತು. ಬಿಳಿಯ ಕೂಲಿಕಾರನಿಗೆ ಹೆಚ್ಚು ಕೂಲಿಯ ಬದಲು ಮೇಲ್ವರ್ಣದ ಹೆಮ್ಮೆ ದೊರೆಯಿತು ಎಂಬುದು 1935ರ ತಮ್ಮ ಗ್ರಂಥದಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಮಂಡಿಸಿದ ವಿಶ್ಲೇಷಣೆಯ ಸಾರ.

ಈ ಇತಿಹಾಸ ಇಂದಿಗೂ ಪ್ರಸ್ತುತ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ವರ್ಣವನ್ನು ಪರಿಗಣಿಸುವ ಪದ್ಧತಿಯನ್ನು ಅಸಿಂಧುಗೊಳಿಸಿತು. ವರ್ಣದ ಬದಲು ಆದಾಯವನ್ನೇ ಮಾನದಂಡವಾಗಿಸಿದರೆ ಸಾಕೆಂಬ ವಾದ ಆ ಬಳಿಕ ಬಲಗೊಂಡಿದೆ. ಆದರೆ ಆದಾಯ ಒಂದು ತಲೆಮಾರಿನ ದುಡಿಮೆಯ ಫಲ. ಆಸ್ತಿ ಹಲವು ತಲೆಮಾರುಗಳ ಸಂಚಯ. ಅಲ್ಲಿನ ಕೇಂದ್ರೀಯ ಬ್ಯಾಂಕಿನ 2022ರ ಸಮೀಕ್ಷೆಯಂತೆ, ಬಿಳಿಯ ಕುಟುಂಬದ ಮಧ್ಯಮಾಂಕ ಸಂಪತ್ತು ಸುಮಾರು 2.85 ಲಕ್ಷ ಡಾಲರ್. ಕಪ್ಪು ವರ್ಣೀಯ ಕುಟುಂಬದ್ದು ಸುಮಾರು 45 ಸಾವಿರ ಡಾಲರ್.

ಬಡ ಬಿಳಿಯರ ಸಂಕಷ್ಟವೂ ನಿಜವೇ. ಅದಕ್ಕೆ ಪರಿಹಾರ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವರ್ಣ ಮತ್ತು ವರ್ಗದಲ್ಲಿ ಒಂದನ್ನು ಮರೆಮಾಚಲು ಇನ್ನೊಂದನ್ನು ಬಳಸಿದಾಗಲೆಲ್ಲ ನಷ್ಟವಾದದ್ದು ಎರಡೂ ಕಡೆಯ ಬಡವರಿಗೆ. ಹಕ್ಕನ್ನು ಕೊಟ್ಟು, ಅದನ್ನು ಚಲಾಯಿಸಲು ಬೇಕಾದ ಆಧಾರವನ್ನು ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 1865ರ ನಂತರದ ಅಮೆರಿಕವೇ ಸಾಕ್ಷಿ.